ವಿಮಾನದ ಬಾಲದೊಳಗೆ ಗಂಗರತ್ನಮ್ಮ

ಇರುವೆ. ಹೆಬ್ಬೆರಳಿನ ಮೇಲೆ ಹತ್ತಿ, ಉಗುರಿನ ಅಂಚಿಗೆ ಬಂದು, ದಾರಿ ತಪ್ಪಿದವರ ಹಾಗೆ ಒಂದು ಗಳಿಗೆ ನಿಂತು, ತೋರುಬೆರಳಿಗೆ ದಾಟಿತು — ಕಣ್ಣಿಗೆ ಕಾಣುತ್ತಿದೆ, ಬೆರಳಿಗೆ ಮಾತ್ರ ಗೊತ್ತಾಗುತ್ತಿಲ್ಲ, ಹಣೆಗೆ ಕಟ್ಟಿಕೊಂಡ ಟಾರ್ಚಿನ ಬೆಳಕಿನಲ್ಲಿ ಗಂಗರತ್ನಮ್ಮ ತನ್ನ ಕೈಯನ್ನೇ ಯಾರದೋ ಕೈ ಎಂಬಂತೆ ನೋಡುತ್ತಿದ್ದಾಳೆ, ಕಚ್ಚಲಿ ನೋಡೋಣ, ಕಚ್ಚಿದರೂ ಗೊತ್ತಾಗಲಿಕ್ಕಿಲ್ಲ, ಇಷ್ಟು ದೂರ ಇದು ಏನು ಹುಡುಕಿಕೊಂಡು ಬಂತೋ, ಇಲ್ಲಿ ಸಕ್ಕರೆಯಿಲ್ಲ ಬೆಲ್ಲವಿಲ್ಲ, ಮೇಲೆ ತಗಡು, ಕೆಳಗೆ ತಗಡು, ಬೆನ್ನಡಿಗೆ ಒಂದು ಹಳೆ ಕಂಬಳಿ, ತಲೆಯ ಕಡೆ ಕಿರಿದಾಗುತ್ತಾ ಹೋಗುವ ಬಾಲ, ಕಾಲಿನ ಕಡೆ ಬಾಯಿ, ಆ ಬಾಯಿಗೂ ಧೂಳು ಬೀಳದಿರಲೆಂದು ಗಂಡ ಟಾರ್ಪಾಲು ಇಳಿಬಿಟ್ಟಿದ್ದಾನೆ. ಮಟಮಟ ಮಧ್ಯಾಹ್ನದಲ್ಲಿ ವಿಮಾನದ ಬಾಲದೊಳಗೆ ಅಂಗಾತ ಮಲಗಿರುವ ಹೆಂಗಸು ಮಧುಗಿರಿ ತಾಲ್ಲೂಕಿಗೆಲ್ಲ ತಾನೊಬ್ಬಳೇ ಇರಬೇಕು, ಒಲೆಯ ಮೇಲೆ ಹುರುಳಿಕಾಳು ಇಟ್ಟು ಬಂದಿದ್ದೆನೋ ಆರಿಸಿ ಬಂದಿದ್ದೆನೋ, ಆರಿಸಿದ್ದೆ, ಆರಿಸಿದ್ದೆ — ಟಕ್ ಎಂದು ಮೇಲೆ ರಿವೆಟ್ ಹೊಡೆಯುವ ಗನ್ನಿನ ಮೂತಿ ತಗಡಿಗೆ ಕೂತ ಸದ್ದು, ಆಚೆ ಗಂಡ ಮುತ್ತುರಾಜು ತಯಾರಾಗಿದ್ದಾನೆ, ಇವಳು ಇರುವೆಯನ್ನು ಊದಿ, ಕಬ್ಬಿಣದ ತುಂಡನ್ನು ತಗಡು ಬೆಸೆಯುವ ರಿವೆಟ್ಟು ಮೊಳೆಯ ಬಾಲಕ್ಕೆ ಒತ್ತಿ ಹಿಡಿದಳು, ಡರ್ರ್ ಎಂದು ಮೊಣಕೈವರೆಗೆ ಎಲುಬು ನಡುಗಿತು, ನಿಂತಿತು. ಚೆನ್ನಾಗಿ ಕೂತಿದೆ. ತುಂಡಿನಿಂದ ತಗಡಿಗೆ ಒಂದು ಸಲ ಕುಟ್ಟಿದಳು. ಗಂಡ ಹೆಂಡಿರ ಮಧ್ಯೆ ಇರುವ ಮಾತು ಇಷ್ಟೇ, ಚೆನ್ನಾಗಿದ್ದರೆ ಒಂದು ಸಲ, ಇನ್ನೊಂಚೂರು ಬಡಿಯಬೇಕಾದರೆ ಎರಡು ಸಲ, ಕೆಟ್ಟು ಕೂತಿದ್ದರೆ ಮೂರು ಸಲ, ಮೂರಾದರೆ ಕೊರೆದು ತೆಗೆದು ಹೊಸದು ಹಾಕಬೇಕು. ಗನ್ನಿನ ಗಲಾಟೆಯಲ್ಲಿ ಬಾಯಿ ಮಾತು ಕೇಳುವುದಿಲ್ಲ, ಅವನ ಕಿವಿಗೆ ಮುಚ್ಚಳ, ಇವಳ ಕಿವಿಗೆ ಹತ್ತಿ, ತಗಡಿನ ಮೇಲೆ ಊರಿದ ಅವನ ಅಂಗೈಗೆ ಇವಳು ಕುಟ್ಟಿದ್ದು ತಿಳಿಯುತ್ತದೆ, ಅಷ್ಟು ಸಾಕು. ಗನ್ನು ನಿಂತ ಮೇಲೂ ಮಾತಾಡುವುದಿಲ್ಲ ಎಂಬುದು ಬೇರೆ ವಿಷಯ.

ಮಾವನ ಕಾಲದಲ್ಲಿ ಈ ಜಾಗ ಕಡಲೆಕಾಯಿ ಗೋದಾಮು, ಶಿರಾದ ಮಂಡಿಗೆ ಹೋಗುವ ಮೂಟೆಗಳು ಈಗ ವಿಮಾನ ಇರುವಲ್ಲೇ ಸೂರಿನವರೆಗೆ ಇರುತ್ತಿದ್ದವು, ಈಗಲೂ ಬಿಸಿಲೇರಿದರೆ ಗೋಡೆಯಿಂದ ಹಸಿ ಕಾಯಿಯ ವಾಸನೆ ಬರುತ್ತದೆ. ಮುತ್ತುರಾಜು ಬೆಂಗಳೂರಲ್ಲಿ ವಿಮಾನದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು, ಜೀವಮಾನವೆಲ್ಲ ಬೇರೆಯವರು ಹಾರುವುದಕ್ಕೆ ರಿವೆಟ್ ಹೊಡೆದು, ಸ್ವಂತಕ್ಕೊಂದು ಆಗಲಿ ಅಂತ ರಿಟೈರಾಗುವ ಮೊದಲೇ ಊರಿಗೆ ಬಂದವನು, ಪುಟ್ಟ ವಿಮಾನವೊಂದರ ಬಿಡಿಭಾಗಗಳೆಲ್ಲ ಮರದ ಪೆಟ್ಟಿಗೆಗಳಲ್ಲಿ ಬಂದಿಳಿದ ದಿನ ರಸ್ತೆಯಲ್ಲಿ ಜನವೋ ಜನ, ಮುತ್ತುರಾಜಣ್ಣ ಇಮಾನ ತರ್ಸವ್ನಂತೆ ಕಣ್ಲಾ, ಬೆಟ್ಟದ ಮ್ಯಾಕೆ ಇಳುಸ್ತಾನಂತೆ, ಕೊರಟಗೆರೆ ಸಂತೇಗೆ ಅದ್ರಲ್ಲೇ ಹೋಯ್ತಾನಂತೆ, ಸೀಟಿಗೆ ಕರ್ಚೀಫ್ ಹಾಕ್ಬುಡಿ ಈಗ್ಲೇ. ನಕ್ಕರು. ಪೆಟ್ಟಿಗೆ ಬಿಚ್ಚಿದರೆ ಬರೀ ತಗಡಿನ ಹಾಳೆ, ತೂತು ತೂತು, ಗಂಗರತ್ನಮ್ಮನಿಗೂ ನಗು ಬಂತು, ಇದೇನ್ರೀ ಜರಡಿ ಅಂಗೈತೆ ಅಂದಿದ್ದಳು. ಧನು ಮಾತ್ರ ನಗಲಿಲ್ಲ. ಧನು — ಧನಲಕ್ಷ್ಮಿ, ಒಬ್ಬಳೇ ಮಗಳು, ಡಿಪ್ಲೊಮಾ ಮುಗಿಸಿ ಮನೆಯಲ್ಲಿದ್ದಳು, ಹಾಳೆಯನ್ನು ಬೆಳಕಿಗೆ ಹಿಡಿದು ತೂತುಗಳಲ್ಲಿ ಅಪ್ಪನನ್ನು ನೋಡಿದಳು, ಅಪ್ಪಾ ನಾನು ಒಳಗಡೆ ಹಿಡ್ಕೊತೀನಿ ನೀನು ಆಚೆಯಿಂದ ಹೊಡಿ, ನಿನ್ ಹೊಟ್ಟೆ ಇದ್ರೊಳಗೆ ಹೋಗಕಿಲ್ಲ. ಹಾಗೆ ಶುರುವಾದದ್ದು. ಅಪ್ಪ ಮಗಳು ಊಟ ತಿಂಡಿ ಮರೆತು ಡರ್ರ್ ಡರ್ರ್, ಒಂದು ಸಲ, ಎರಡು ಸಲ, ಮೂರು ಸಲ ಬಂತೆಂದರೆ ಅವನು ಆಚೆಯಿಂದ ಯಾಕಮ್ಮ ಎಂದು ಕೂಗುವನು, ಅವಳು ಒಳಗಿನಿಂದ ನಿನ್ ಕೈ ನಡುಗ್ತೈತೆ ಮುದುಕ ಎಂದು ಕೂಗುವಳು, ಗಂಗರತ್ನಮ್ಮ ಟೀ ತಂದು ಬಾಗಿಲಲ್ಲಿ ನಿಂತು ಆರಿಹೋಗುವವರೆಗೆ ನೋಡುತ್ತಿದ್ದಳು. ಮೊದಲ ಸಲ ಹಾರಿದಾಗ ಪಾವಗಡದ ಕಡೆಗೇ ಹೋಗೋಣ ಅಪ್ಪ, ಸೋಲಾರ್ ಹಲಗೆ ಎಲ್ಲ ಮೇಲಿಂದ ಕೆರೆ ತುಂಬ್ದಂಗೆ ಕಾಣ್ತವಂತೆ, ಅಂದಳು ಧನು ಒಂದು ದಿನ. ಯಾರು ಹೇಳಿದ್ದು ನಿಂಗೆ? ಯಾರೋ. ಆ ಯಾರೋ ಯಾರೆಂದು ಆಗಲೇ ಕೇಳಬೇಕಿತ್ತು, ಕೇಳಿದ್ದರೆ ಏನಾಗುತ್ತಿತ್ತು, ಏನೂ ಆಗುತ್ತಿರಲಿಲ್ಲ. ಡರ್ರ್. ಒಂದು ಸಲ ಕುಟ್ಟು. ಇನ್ನು ಈ ಸಾಲು ಉಳಿದಿದೆ, ಸಾಲು ಮುಗಿದರೆ ಬಾಲ ಮುಗಿಯಿತು.

ಅಂಜನ್ ಕುಮಾರ್. ನಾಗಲಮಡಿಕೆಯ ಹುಡುಗ, ಅಲ್ಲೇ ಸರ್ಕಾರಿ ಸ್ಕೂಲಲ್ಲಿ ವಿಜ್ಞಾನದ ಮೇಷ್ಟ್ರು, ಮಕ್ಕಳಿಗೆ ವಿಮಾನ ತೋರಿಸಬೇಕು ಸಾರ್ ಅಂತ ಒಂದು ಟೆಂಪೋ ತುಂಬ ಮಕ್ಕಳನ್ನು ಹೇರಿಕೊಂಡು ಬಂದಿದ್ದ, ಮುತ್ತುರಾಜು ತಾನೇ ಎಲ್ಲವನ್ನೂ ಬಿಡಿಸಿ ಹೇಳಿ, ಮಕ್ಕಳಿಗೆಲ್ಲ ರಸ್ನಾ ಕುಡಿಸಿ ಕಳಿಸಿದ ಮೇಲೆ, ಎಂಥಾ ಒಳ್ಳೆ ಹುಡುಗ ಕಣೇ, ಕಾರ್ಖಾನೇಲಿ ಇಂಜಿನಿಯರ್‌ಗಳೂ ಇಂಥಾ ಪ್ರಶ್ನೆ ಕೇಳ್ತಿರ್ಲಿಲ್ಲ ಅಂದಿದ್ದ, ಅಂದವನು ಇವನೇ, ಬೇರೆ ಯಾರೂ ಅಲ್ಲ. ಆಮೇಲೆ ಆ ಒಳ್ಳೆ ಹುಡುಗ ಮಕ್ಕಳಿಲ್ಲದೆಯೂ ಬಂದ, ಪ್ರಶ್ನೆಗಳೂ ಬಂದವು, ಒಂದು ದಿನ ಧನು ಪಾವಗಡದಿಂದ ಫೋನು ಮಾಡಿ ಮದ್ವೆ ರಿಜಿಸ್ಟರ್ ಆಯ್ತಮ್ಮ ಅಪ್ಪಂಗೆ ಫೋನ್ ಕೊಡು ಅಂದಳು, ಅವನು ಫೋನ್ ತಗೊಳ್ಳಲಿಲ್ಲ, ದೊಡ್ಡೇರಿಯಿಂದ ಅವನಣ್ಣ ಪಾಲಣ್ಣ ಬಂದು ಜಗುಲಿಯ ಮೇಲೆ ಕೂತ. ನಮ್ಮೋರಾಗಿದ್ರೆ ಎಂಗೋ ನುಂಗ್ಕೊಬೋದಿತ್ತು, ಅವ್ರ್ ಕೇರಿಗೆ ಎಣ್ಣು ಕೊಟ್ವಿ ಅಂತ ನಾಳೆ ನನ್ ಮೊಮ್ಮಕ್ಕಳನ್ನ ಯಾರು ತಗೋತಾರ್ಲಾ ಮುತ್ತಾ, ನಮ್ ಪಾಲಿಗೆ ಸತ್ಲು ಅನ್ನು, ತಿಥಿ ಮಾಡಿ ಕೈ ತೊಳ್ಕೊ, ಊರು ಬಾಯಿ ಮುಚ್ಕೊತದೆ. ಸ್ಕ್ರೂ ತಿರುಗಿಸುವುದಕ್ಕೂ ಪುಸ್ತಕ ನೋಡಿ ಅಳತೆ ಹಿಡಿಯುವ ಗಂಡಸು, ಕೂದಲೆಳೆ ಸರಿಯಿಲ್ಲದಿದ್ದರೆ ತೆಗೆದು ಮತ್ತೆ ಮಾಡುವ ಗಂಡಸು, ಇದಕ್ಕೆ ಒಂದು ಮಾತು ಎದುರಾಡದೆ ಹೂಂ ಅಂದ. ತಲೆ ಬೋಳಿಸಿಕೊಂಡ. ಡಿಪ್ಲೊಮಾದಲ್ಲಿ ತೆಗೆಸಿದ ಫೋಟೋಗೆ ಹಾರ ಬಿತ್ತು, ನೀಲಿ ಚೂಡಿದಾರ್, ಹಲ್ಲು ಬಿಟ್ಟು ನಗುತ್ತಿರುವ ಫೋಟೋ, ಎಡೆ ಇಡ್ಬೇಕಲ್ಲ ಹುಡ್ಗಿಗೆ ಏನಿಷ್ಟ ಅಂತ ಯಾರೋ ಅತ್ತಿಗೆ ಕೇಳಿದಳು, ಒತ್ತು ಶ್ಯಾವಿಗೆ ಕಾಯಿಹಾಲು ಅಂದಳು ಗಂಗರತ್ನಮ್ಮ, ಅಂದದ್ದಷ್ಟೇ ಅಲ್ಲ, ಶ್ಯಾವಿಗೆ ಒರಳಿನ ಮೇಲೆ ಮೈಭಾರ ಹಾಕಿ ತಾನೇ ಒತ್ತಿದಳು, ಕಾಯಿ ತುರಿದಳು, ಏಲಕ್ಕಿ ಕುಟ್ಟಿ ಹಾಕಿದಳು, ಬದುಕಿರುವ ಮಗಳ ತಿಥಿಗೆ ಏಲಕ್ಕಿ ಜಾಸ್ತಿಯಾಯಿತೋ ಎಂದು ನಾಲಿಗೆಗೆ ಹಚ್ಚಿ ನೋಡಿದಳು. ಆಗಲೇ ಇರಬೇಕು. ಆಗಲೇ ಒಳಗೆ ಏನೋ ಮರಗಟ್ಟಿದ್ದು. ಎಲೆ ಹಾಕಿ ಬಯಲಲ್ಲಿಟ್ಟರೆ ಕಾಗೆ ಬರಲಿಲ್ಲ, ಎಲ್ಲರೂ ಬಿಸಿಲಲ್ಲಿ ಕಾದರು, ಒಂದು ಕಾಗೆ ಬೇಲಿಯ ಮೇಲೆ ಕೂತು ನೋಡಿ ಹಾರಿಹೋಯಿತು, ಅದಕ್ಕಿರುವ ಬುದ್ಧಿ ಇವರಿಗಿಲ್ಲ ಅನ್ನಿಸಿತು, ಪಾಲಣ್ಣ ಬುಡು ಹಸೀಗೆ ಹಾಕಾನ ಅಂದ, ಹಸು ತಿಂದಿತು. ನೂರಾರು ಜನ ಉಂಡು ಕೈ ತೊಳೆದು ಹೋದರು. ಆ ಹೊತ್ತಿಗೆ ಧನು ನಾಗಲಮಡಿಕೆಯಲ್ಲಿ ಏನು ಉಂಡಳೋ.

ಮಾರನೆಯ ದಿನವೋ ಅದರ ಮಾರನೆಯ ದಿನವೋ ಮುತ್ತುರಾಜು ಗೋದಾಮಿಗೆ ಹೋಗಿ ಗನ್ನು ಹಿಡಿದು ಸುಮ್ಮನೆ ನಿಂತಿದ್ದ, ಒಳಗೆ ಹಿಡಿಯುವವರಿಲ್ಲದೆ ರಿವೆಟ್ಟಿಗೆ ಬಡಿದರೆ ತಗಡು ಹಳ್ಳ ಬೀಳುತ್ತದೆ ಅಷ್ಟೇ, ಅವನು ಕರೆಯಲಿಲ್ಲ, ಇವಳು ಕೇಳಲಿಲ್ಲ, ಸೆರಗು ಸುತ್ತಿ ಸಿಕ್ಕಿಸಿಕೊಂಡು, ಧನುವಿನ ಟಾರ್ಚು ಹಣೆಗೆ ಕಟ್ಟಿಕೊಂಡು ತೆವಳಿ ಒಳಗೆ ಹೋದಳು. ಯಾಕೆ ಹೋದೆ? ಅವನ ಮೇಲಿನ ಕನಿಕರಕ್ಕಲ್ಲ, ಕನಿಕರ ಇರಲಿಲ್ಲ, ಸಿಟ್ಟಿತ್ತೇ ಎಂದರೆ ಅದೂ ನೆನಪಿಲ್ಲ, ಕಂಬಳಿಯಲ್ಲಿ ಮಗಳ ತಲೆಯೆಣ್ಣೆಯ ವಾಸನೆ ಇತ್ತು, ಅದಕ್ಕೇ ಹೋದದ್ದು. ವಾಸನೆ ಒಂದು ವಾರಕ್ಕೆ ಹೋಯಿತು, ಇವಳು ದಿನಾ ಒಳಗೆ ಹೋಗುವುದು ನಿಲ್ಲಲಿಲ್ಲ. ಮನೆಯೊಳಗೆ ಇರುವ ಮಾತು ಊಟಕ್ಕೆ ಬನ್ನಿ, ನೀರು ಬಂತು, ಕರೆಂಟು ಹೋಯ್ತು. ಇಲ್ಲಿ ಒಂದು, ಎರಡು, ಮೂರು. ಮಗಳ ಹೆಸರು ಎಲ್ಲೂ ಇಲ್ಲ, ಹೆಸರು ಎತ್ತಬಾರದು ಎಂದು ತಿಥಿಯ ದಿನ ಪಾಲಣ್ಣ ಎಲೆಯ ಮುಂದೆ ಆಣೆ ಹಾಕಿಸಿದ್ದ. ಬೆರಳ ತುದಿಗಳು ಬೆಳ್ಳಗಾದವು, ಬೆಳಿಗ್ಗೆ ಹಾಲಿನ ಪಾತ್ರೆ ಬಿಸಿಯೋ ತಣ್ಣಗೋ ತಿಳಿಯದಾಯಿತು, ಶಿರಾದ ಡಾಕ್ಟರು ಸೂಜಿ ಚುಚ್ಚಿ ನೋವಾ ಅಂದರು, ಇವಳು ನೋಡುತ್ತಾ ಕೂತಿದ್ದಳು, ಏನ್ ಕೆಲಸ ಮಾಡ್ತೀಯಮ್ಮ, ಗನ್ನಿಗೆ ಅಡ್ಡ ಹಿಡ್ಕೊತೀನಿ ಸಾರ್, ಅವರಿಗೇನು ಅರ್ಥವಾಯಿತೋ, ನಡುಕ ಆಗೋ ಕೆಲಸ ಬಿಟ್ಬುಡು ನರ ಸತ್ತೋಗ್ತವೆ ಅಂದರು. ಗಂಡನಿಗೆ ಹೇಳಲಿಲ್ಲ. ಬಿಡಲೂ ಇಲ್ಲ. ಡರ್ರ್. ಒಂದು ಸಲ. ಮುಂದಿನದು.

ನಿನ್ನೆ ಸಂಜೆ ಗೊತ್ತಿಲ್ಲದ ನಂಬರು. ಅಕ್ಕಿ ತೊಳೆಯುತ್ತಿದ್ದಳು, ಭುಜಕ್ಕೂ ಕೆನ್ನೆಗೂ ಫೋನು ಸಿಕ್ಕಿಸಿಕೊಂಡು ಯಾರು ಅಂದಳು. ನಾನಮ್ಮ. ಅಕ್ಕಿ ತೊಳೆದ ನೀರು ಬೆಳ್ಳಗೆ ಪಾತ್ರೆಯ ಅಂಚಿನಿಂದ ಸುರಿಯುತ್ತಿತ್ತು. ಅಮ್ಮ, ಏಳು ತಿಂಗ್ಳು. ಹ್ಞೂಂ. ಇಲ್ಲಿ ನಮ್ಮತ್ತೆ ದಿನಾ ಕೇಳ್ತಾರೆ, ತೊಲಿ ಕಾನ್ಪು ಪುಟ್ಟಿಂಟ್ಲೋನೇ ಕದಮ್ಮಾ, ಮೀವಾಳ್ಳು ಎಪ್ಪುಡೊಸ್ತಾರು ಅಂತ, ಚೊಚ್ಚಲ ಹೆರಿಗೆ ತವರಲ್ಲೇ ಆಗ್ಬೇಕಂತೆ, ನಮ್ಮೋರು ಕರಕೊಂಡ್ ಹೋಗಕ್ಕೆ ಯಾವಾಗ ಬತ್ತಾರೆ ಅಂತಾರೆ, ಏನ್ ಹೇಳ್ಲಿ ಅವರಿಗೆ? ತಿಥಿ ಮಾಡಿರೋದು ಅವರಿಗೆ ಗೊತ್ತಿಲ್ಲ, ಅಂಜನ್ ಹೇಳಿಲ್ಲ, ಸತ್ತೋಳಿಗೆ ತವ್ರು ಎಲ್ಲಿಂದ ತರ್ಲಮ್ಮ? ನಗುತ್ತಾ ಹೇಳಿದಳು, ನಗು ಅರ್ಧಕ್ಕೆ ನಿಂತಿತು. ಇವಳು ಹ್ಞೂಂ ಅಂದಳು. ಬಾಯಿಯೂ ಬೆರಳಿನ ಹಾಗೇ ಆಗಿದೆ, ನೀರು ಚೆಲ್ಲಿ ಅಕ್ಕಿ ಇಟ್ಟಳು, ಅನ್ನ ಆಯಿತು, ಇಬ್ಬರೂ ಉಂಡರು, ಅವನಿಗೆ ಉಪ್ಪಿನಕಾಯಿ ಬಡಿಸುವಾಗ ಹೇಳಬೇಕೆಂದುಕೊಂಡಳು, ಮಜ್ಜಿಗೆ ಬಡಿಸುವಾಗ ಹೇಳಬೇಕೆಂದುಕೊಂಡಳು, ಅವನೇ ಮಾತೆತ್ತಿದ, ನಾಳೆ ಸಾಲು ಮುಗುದ್ರೆ ನಾಳಿದ್ದು ಲಾರಿ ಬತ್ತದೆ. ಬೆಂಗಳೂರಿನಾಚೆ ಯಾವುದೋ ಬಯಲಿಗೆ ಸಾಗಿಸಿ, ಅಲ್ಲಿ ರೆಕ್ಕೆ ಜೋಡಿಸಿ, ಪರೀಕ್ಷೆ ಮಾಡುವವರು ಬಂದು ನೋಡಿ ಒಪ್ಪುವವರೆಗೆ ಅವನೂ ಅಲ್ಲೇ ಇರುತ್ತಾನೆ, ಆರು ತಿಂಗಳೋ ವರ್ಷವೋ, ಅಷ್ಟರಲ್ಲಿ ಮಗು ಕೂರುವುದನ್ನು ಕಲಿತಿರುತ್ತದೆ. ಅವನನ್ನು ಕೇಳದೆ ತಾನೇ ಹೋಗಿ ಕರೆದುಕೊಂಡು ಬರಬಹುದು, ಬಂದರೆ ಪಾಲಣ್ಣ ಹೊಸ್ತಿಲಲ್ಲಿ ಕೂರುತ್ತಾನೆ, ತಿಥಿ ಮಾಡಿದವನೇ ಬಾರಮ್ಮ ಅನ್ನಬೇಕು, ಬೇರೆ ಯಾರು ಅಂದರೂ ಆ ಹುಡುಗಿ ಹೊಸ್ತಿಲು ದಾಟುವುದಿಲ್ಲ, ಅವಳ ಹಟ ಗೊತ್ತಿಲ್ಲವೇ. ಗಂಗರತ್ನಮ್ಮನಿಗೆ ಮಗಳು ಬೇಕು. ಬಿಸಿನೀರು ಹಾಕಬೇಕು, ಸೊಂಟಕ್ಕೆ ಬಟ್ಟೆ ಕಟ್ಟಬೇಕು, ಬೆಳ್ಳುಳ್ಳಿ ಸಾರು ಮಾಡಿಕೊಡಬೇಕು. ಇದನ್ನು ಕೇಳುವುದಿದ್ದರೆ ಇವತ್ತೇ, ಈ ಸಾಲು ಮುಗಿಯುವುದರೊಳಗೇ, ಸಾಲು ಮುಗಿದರೆ ಅವನಿಗೆ ಇವಳ ಕೈ ಬೇಕಾಗುವುದಿಲ್ಲ, ಇವಳು ಕುಟ್ಟಿದ್ದಕ್ಕೆ ಅವನು ಕಾಯುವುದೂ ಇಲ್ಲ. ಈ ರಿವೆಟ್ಟಾದ ಮೇಲೆ ಹೇಳುತ್ತೇನೆ. ಡರ್ರ್. ಒಂದು ಸಲ. ಇದಾದ ಮೇಲೆ. ಡರ್ರ್, ಒಂಚೂರು ಕಮ್ಮಿ, ಎರಡು ಸಲ ಕುಟ್ಟು, ಡರ್ರ್, ಒಂದು ಸಲ. ಇದು ಹೋಗಲಿ ಮುಂದಿನದು. ಮುಂದಿನದಕ್ಕೆ ಗಂಟಲು ಸರಿಮಾಡಿಕೊಂಡಳು, ಹತ್ತಿ ಇಟ್ಟ ಕಿವಿಯೊಳಗೆ ತನ್ನ ಗಂಟಲಿನ ಸದ್ದೇ ದೊಡ್ಡದಾಗಿ ಕೇಳಿತು, ಅಷ್ಟೇ ಆಯಿತು.

ಕೊನೆಯದು. ಟಾರ್ಚಿನ ಬೆಳಕು ಆಚೆಗೂ ಈಚೆಗೂ ಹೋಗಿ ಬಂತು, ಉಳಿದ ತೂತುಗಳೆಲ್ಲ ತುಂಬಿವೆ, ಇದೊಂದರಲ್ಲಿ ರಿವೆಟ್ಟಿನ ಬಾಲ ಬೋಳುಬೋಳಾಗಿ ಇಣುಕುತ್ತಿದೆ, ಗನ್ನು ಟಕ್ ಎಂದು ಕೂತಿತು, ಕಬ್ಬಿಣ ಒತ್ತಿ ಹಿಡಿದಳು, ಒಂದು ಕೈ ಸಾಲದೆ ಎರಡೂ ಕೈ, ಡರ್ರ್ — ನಿಂತಿತು. ತುಂಡು ಸರಿಸಿ ನೋಡಿದರೆ ಅಚ್ಚು ಹೊಡೆದ ಹಾಗೆ ದುಂಡಗೆ ಚಪ್ಪಟೆ, ಅಂಚು ಸೀಳಿಲ್ಲ, ವಾರೆಯಿಲ್ಲ, ಇಡೀ ಬಾಲದಲ್ಲಿ ಇಷ್ಟು ಚಂದಕ್ಕೆ ಕೂತದ್ದು ಇನ್ನೊಂದಿಲ್ಲ. ಅವನ ಅಂಗೈ ತಗಡಿನ ಮೇಲಿದೆ, ಕಾಯುತ್ತಿದ್ದಾನೆ, ಒಂದು ಸಲ ಕುಟ್ಟಿದರೆ ಗನ್ನು ಕೆಳಗಿಟ್ಟು ಬೆವರು ಒರೆಸಿಕೊಳ್ಳುತ್ತಾನೆ, ಟಾರ್ಪಾಲು ಎತ್ತುತ್ತಾನೆ, ಇವಳು ತೆವಳಿ ಹೊರಗೆ ಹೋಗಿ ಹುರುಳಿಕಾಳು ಬಿಸಿ ಮಾಡಬೇಕು. ಕುಟ್ಟಿದಳು. ಮತ್ತೆ ಕುಟ್ಟಿದಳು. ಮತ್ತೆ. ಮೂರು. ಗನ್ನಿನ ಭಾರ ತಗಡಿನಿಂದ ಏಳಲಿಲ್ಲ, ಎಷ್ಟೋ ಹೊತ್ತು, ಆಮೇಲೆ ಎದ್ದಿತು, ಕಿವಿಯ ಮುಚ್ಚಳ ತೆಗೆದಿರಬೇಕು, ಸರಿಯಾಗೇ ಕೂತೈತಲ್ಲೇ, ಕೈಗೇ ಗೊತ್ತಾಯ್ತು ನಂಗೆ. ಅವನ ಕೈಗೆ ಸುಳ್ಳು ಹೇಳಲಿಕ್ಕಾಗುತ್ತದೆಯೇ, ಮೂವತ್ತು ವರ್ಷದ ಕೈ. ಇವಳು ಕಿವಿಯ ಹತ್ತಿ ಕಿತ್ತು ಬಿಸಾಕಿ, ಮತ್ತೆ ಮೂರು ಸಲ ಕುಟ್ಟಿದಳು, ಈ ಸಲ ಗಟ್ಟಿಯಾಗಿ. ಆಚೆ ಹೆಜ್ಜೆ ಹೋಯಿತು, ಹೆಜ್ಜೆ ಬಂತು. ಡ್ರಿಲ್ಲು ಕಿರುಗುಟ್ಟಿತು. ಒಳ್ಳೆಯ ರಿವೆಟ್ಟು ಎಂದು ಗೊತ್ತಿದ್ದೂ ಅವನು ಕೊರೆಯುತ್ತಿದ್ದಾನೆ, ಯಾಕೆ ಅಂತ ಕೇಳದೆ ಕೊರೆಯುತ್ತಿದ್ದಾನೆ, ರಿವೆಟ್ಟಿನ ತಲೆ ಹಾರಿತು, ಮೊಳೆ ಇಟ್ಟು ತಟ್ಟಿದ, ಕೊರೆದ ತುಂಡು ಇವಳ ಕುತ್ತಿಗೆಯ ಮೇಲೆ ಬಿತ್ತು, ಬಿಸಿಯಾಗಿದೆ, ಕುತ್ತಿಗೆಗೆ ಇನ್ನೂ ಗೊತ್ತಾಗುತ್ತದೆ.

ತೂತು. ಹಣೆಯ ಟಾರ್ಚು ಆರಿಸಿದಳು. ಕತ್ತಲಲ್ಲಿ ಆ ಒಂದು ತೂತಿನಿಂದ ಹೊರಗಿನ ಬೆಳಕು ದಾರದಷ್ಟು ತೆಳ್ಳಗೆ ಇಳಿದು ಮಣಿಕಟ್ಟಿನ ಮೇಲೆ ನಿಂತಿದೆ, ಮೆಂತ್ಯದ ಕಾಳಿನಷ್ಟು ಬೆಳಕು, ಕೈ ಸರಿಸಿದರೆ ಅಂಗೈಗೆ ಬರುತ್ತದೆ, ಬೆರಳಿಗೆ ಬರುತ್ತದೆ, ಬೆರಳಿಗೆ ಬಂದದ್ದು ಕಾಣುತ್ತದೆ ಅಷ್ಟೇ. ಧನುಗೆ ಏಳು ತಿಂಗ್ಳು ಕಣ್ರೀ, ಅಂದಳು. ಬಾಯಿಂದ ಬಂತು, ತಗಡು ಅದನ್ನೇ ಸುತ್ತಲೂ ಮತ್ತೆ ಹೇಳಿತು, ಧನು, ಧನು, ಈ ಗೋದಾಮಿನಲ್ಲಿ ಯಾರೂ ಹೇಳದೆ ಎಷ್ಟು ಕಾಲವಾಯಿತು, ಚೊಚ್ಚಲು, ತವ್ರಿಗೆ ಕರ್ಕೊಂಬರ್ಬೇಕು, ನೀವೇ ಹೋಗಿ ಕರೀಬೇಕು. ಬೆಳಕು ಹೋಯಿತು. ಕೈಯ ಮೇಲಿದ್ದ ಕಾಳು ಇಲ್ಲ. ಮೇಲೆ ನೋಡಿದರೆ ತೂತೂ ಇಲ್ಲ, ಆಚೆ ಅವನು ಮುಖ ಇಟ್ಟಿದ್ದಾನೆ, ಉಸಿರು ತಗಡಿಗೆ ತಾಗುವ ಸದ್ದು ಕೇಳುತ್ತಿದೆ, ಇವಳ ಮುಖದಿಂದ ಒಂದು ಗೇಣು ಮೇಲೆ, ಇಷ್ಟು ಹತ್ತಿರ ಅವನು ಬಂದು ಎಷ್ಟು ದಿನವಾಯಿತೋ. ತಿಥಿ ಮಾಡ್ಬುಟ್ಟಿದ್ದೀನಲ್ಲೇ ರತ್ನ. ದನಿ ಅವನದಲ್ಲ, ಯಾರೋ ವಯಸ್ಸಾದವರದು, ತಲೆ ಬೋಳುಸ್ಕೊಂಡು ಊರಿಗೆಲ್ಲ ಉಣ್ಣಾಕಿಕ್ಬುಟ್ಟಿದ್ದೀನಲ್ಲೇ, ಈಗ ಯಾವ ಮುಖ ಇಟ್ಕೊಂಡು ಬಾರವ್ವ ಅನ್ಲಿ. ಗಂಗರತ್ನಮ್ಮ ಕಬ್ಬಿಣದ ತುಂಡು ಹುಡುಕಿದಳು, ಕಂಬಳಿಯ ಮಡಿಕೆಯಲ್ಲಿತ್ತು, ಹಿಡಿದಿದ್ದೇನೋ ಇಲ್ಲವೋ ಬೆರಳಿಗೆ ತಿಳಿಯದೆ ಎರಡೂ ಅಂಗೈಯಲ್ಲಿ ಅಮುಕಿ ಎತ್ತಿದಳು, ತೂತಿನ ಪಕ್ಕಕ್ಕೆ ತಂದು, ಅವನ ಕೆನ್ನೆ ಇರಬಹುದಾದ ಕಡೆ, ಒಂದು ಸಲ ಕುಟ್ಟಿದಳು, ಎರಡು ಸಲ, ಮೂರು ಸಲ, ಕೆಟ್ಟು ಕೂತಿದೆ, ತೆಗೆದು ಹೊಸದು ಹಾಕಿ. ತಗಡು ಗುಂಯ್ ಎಂದು ನಿಂತಿತು. ತೂತು ಕತ್ತಲು. ಅವನು ಹೋದರೆ ಬೆಳಕು ಬರಬೇಕು, ಬೆಳಕು ಬಂದಿಲ್ಲ, ತೂತು ಇನ್ನೂ ಕತ್ತಲು, ಕಣ್ಣು ರೆಪ್ಪೆ ಮುಚ್ಚದೆ ಅದನ್ನೇ ನೋಡುತ್ತಿದ್ದಾಳೆ, ಬೆಳಕು ಬಂದಿಲ್ಲ, ಅಲ್ಲೇ ಇದ್ದಾನೆ, ತೂತು ಕತ್ತಲಾಗಿಯೇ ಇದೆ.